ಭಂಗಿ ಒಂದೇ, ಗುಣ ಎರಡು

ಸಾಂಗ್ಲಿ ಪಟ್ಟಣಕ್ಕೆ ಎದುರಾಗಿ ಕೃಷ್ಣಾ ನದಿಯ ಆಚೆ ದಂಡೆಯಲ್ಲಿರುವ ಊರು ಸಾಂಗ್ಲಿವಾಡಿ. ಈ ಊರಿಗೂ ಹತ್ತಿರದ ಹರಿಪುರಕ್ಕೂ ಹೆಸರು ಬಂದದ್ದು ಅರಿಶಿನದ ಹಗೇವುಗಳಿಂದ. ನೆಲವನ್ನು ಆಳವಾಗಿ ಅಗೆದು, ಒಣಗಿದ ಅರಿಶಿನವನ್ನು ಒಳಗೆ ತುಂಬಿ ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮರಾಠಿಯಲ್ಲಿ ಇದಕ್ಕೆ 'ಪೇವ್' ಎನ್ನುತ್ತಾರೆ. 2005ರ ಮಹಾಪೂರದಲ್ಲಿ ನೀರು ನುಗ್ಗಿ ಅನೇಕ ಹಗೇವುಗಳು ಹಾಳಾದವು. ಆದರೂ ಪೇಟೆಯ ಹೆಸರು ಹೋಗಲಿಲ್ಲ. 2018ರಲ್ಲಿ ಸಾಂಗ್ಲಿ ಅರಿಶಿನಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು.

ಅರಿಶಿನದ ಬಣ್ಣ ನೋಡಿ, ಕೊಂಬು ಮುರಿದು ನೋಡಿ ದರ ಕಟ್ಟುವ ಕಾಲ ಒಂದಿತ್ತು. ಔಷಧಕ್ಕಾಗಿ ಕೊಳ್ಳುವವರು ಈಗ ಅಷ್ಟಕ್ಕೆ ಬಿಡುವುದಿಲ್ಲ. ಅದರಲ್ಲಿ ಕುರ್ಕುಮಿನ್ ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಅರಿಶಿನವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ, ಒಳಗಿನ ಸತ್ವವನ್ನು ಅಳೆದು ನೋಡಬೇಕು ಎಂಬುದು ವ್ಯಾಪಾರಿಗೂ ಗೊತ್ತು, ಬೆಳೆದವನಿಗೂ ಗೊತ್ತು.

ಇದೇ ಎಚ್ಚರ ಇನ್ನೊಂದು ಗಿಡದ ವಿಷಯದಲ್ಲಿ ಮಾತ್ರ ನಮ್ಮಲ್ಲಿಲ್ಲ. ಅದು ಭಂಗಿ ಗಿಡ. ಹೂವಿನ ತೆನೆಯಾದರೆ ಗಾಂಜಾ, ಎಲೆಯಾದರೆ ಭಂಗಿ ಸೊಪ್ಪು, ತಿಕ್ಕಿ ತೆಗೆದ ಅಂಟಾದರೆ ಚರಸ, ನಮ್ಮ ಕಾಸರಗೋಡಿನ ಮಲಯಾಳ ಮಾತಿನಲ್ಲಿ ಕಂಜಾವು. ಗಡಿಯ ತಾಲೂಕುಗಳಲ್ಲಿ ಬೇರೆ ಬೆಳೆಯ ಮರೆಯಲ್ಲಿ ಗಾಂಜಾ ಗಿಡ ಸಿಕ್ಕಿತು ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಹಾಗೆಯೇ, ಗಾಂಜಾದಿಂದ ತೆಗೆದ ಎಣ್ಣೆ ಮಕ್ಕಳ ಮೂರ್ಛೆರೋಗಕ್ಕೆ ರಾಮಬಾಣ ಎಂಬ ಮಾತೂ ಈಚೆಗೆ ಕಿವಿಗೆ ಬೀಳುತ್ತಿದೆ. ಅಥಣಿ, ರಾಯಬಾಗ, ಜಮಖಂಡಿ, ಜತ್ತದ ಕನ್ನಡ ಕುಟುಂಬಗಳು ದೊಡ್ಡ ಕಾಯಿಲೆ ಬಂದರೆ ಮಿರಜಿನ ಆಸ್ಪತ್ರೆಗಳಿಗೆ ಹೋಗುವುದು ಬಹುಕಾಲದ ರೂಢಿ, ನಾವು ಮಂಗಳೂರಿಗೆ ಹೋದ ಹಾಗೆಯೇ. ಅಲ್ಲಿನ ತಾಯಿಗೂ ಇಲ್ಲಿನ ತಾಯಿಗೂ ಪ್ರಶ್ನೆ ಒಂದೇ: ಯಾವುದನ್ನು ವಿಷವೆಂದು ಪೊಲೀಸರು ಹಿಡಿಯುತ್ತಾರೋ ಅದನ್ನೇ ಮದ್ದೆಂದು ಮಗುವಿಗೆ ಕೊಡಬಹುದೆಂದರೆ ಹೇಗೆ?

ಪ್ರಶ್ನೆ ಸಹಜವಾದದ್ದೇ. ಉತ್ತರ ಗಿಡದ ಹೆಸರಿನಲ್ಲಿಲ್ಲ, ಅದರೊಳಗಿನ ಎರಡು ರಾಸಾಯನಿಕಗಳಲ್ಲಿದೆ. ಒಂದು ಟೆಟ್ರಾಹೈಡ್ರೋಕ್ಯಾನಬಿನಾಲ್, ಚಿಕ್ಕದಾಗಿ ಟಿ.ಎಚ್.ಸಿ. ಇನ್ನೊಂದು ಕ್ಯಾನಬಿಡಯಾಲ್, ಅಂದರೆ ಸಿ.ಬಿ.ಡಿ.

ಒಂದೇ ಬಸಿರಿನ ಇಬ್ಬರು

ಭಂಗಿಯ ಹೆಣ್ಣುಗಿಡದ ಹೂವಿನ ಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗ್ರಂಥಿಗಳಿರುತ್ತವೆ. ಕೈಗೆ ಅಂಟುವ ರಾಳ ಹುಟ್ಟುವುದು ಇವುಗಳಲ್ಲಿ. ಗಿಡ ಮೊದಲು ಕ್ಯಾನಬಿಜೆರಾಲ್ ವರ್ಗದ ಒಂದು ಆಮ್ಲವನ್ನು ತಯಾರಿಸುತ್ತದೆ. ಅದನ್ನು ಒಂದು ಕಿಣ್ವ ಟಿ.ಎಚ್.ಸಿ.ಯ ಆಮ್ಲವಾಗಿಯೂ ಮತ್ತೊಂದು ಕಿಣ್ವ ಸಿ.ಬಿ.ಡಿ.ಯ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಯಾವ ಕಿಣ್ವದ ಕೈ ಮೇಲಾಗುತ್ತದೆ ಎಂಬುದು ಗಿಡದ ವಂಶದ ಮೇಲೆ ನಿಂತಿದೆ. ನಾರಿಗಾಗಿ ಬೆಳೆಯುವ ಯುರೋಪಿನ ತಳಿಗಳಲ್ಲಿ ಸಾಮಾನ್ಯವಾಗಿ ಸಿ.ಬಿ.ಡಿ. ಹೆಚ್ಚು. ಅಮಲಿಗಾಗಿ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಗಳಲ್ಲಿ ಟಿ.ಎಚ್.ಸಿ. ಹೆಚ್ಚು. ಹೊರನೋಟಕ್ಕೆ ಎರಡೂ ಒಂದೇ ತರದ ಗರಗಸದಂಚಿನ ಎಲೆ.

ಆಮ್ಲದ ರೂಪದಲ್ಲಿರುವ ತನಕ ಅಮಲೇರುವುದಿಲ್ಲ. ಚಿಲುಮೆಯ ಕೆಂಡವಾಗಲಿ ಒಲೆಯ ಶಾಖವಾಗಲಿ ತಗಲಿದಾಗ ಆಮ್ಲದ ಭಾಗ ಕಳಚಿ ನಿಜವಾದ ಟಿ.ಎಚ್.ಸಿ. ಹೊರಬರುತ್ತದೆ. ಸೊಪ್ಪನ್ನು ಹುರಿದೋ ಬೇಯಿಸಿಯೋ ಬಳಸುವ ಹಳಬರ ಪದ್ಧತಿಯ ಹಿಂದಿನ ಗುಟ್ಟು ಇದು. ಈ ವಸ್ತುಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಭಂಗಿಗೆ ಹಾಲು ತುಪ್ಪಗಳ ಜೊತೆ ಕೂಡಿಬಂದದ್ದೂ ಆಕಸ್ಮಿಕವಲ್ಲ. ರಸಾಯನಶಾಸ್ತ್ರ ಓದದಿದ್ದರೂ ಅರೆಯುವ ಕಲ್ಲಿನ ಮುಂದೆ ಕೂತವರಿಗೆ ಅದು ತಿಳಿದಿತ್ತು.

ಇನ್ನು ಎರಡರ ರಚನೆ. ಎರಡರಲ್ಲಿಯೂ ಇಂಗಾಲದ ಪರಮಾಣು 21, ಜಲಜನಕ 30, ಆಮ್ಲಜನಕ 2. ತೂಕವೂ ಒಂದೇ. ವ್ಯತ್ಯಾಸವೆಂದರೆ ಟಿ.ಎಚ್.ಸಿ.ಯಲ್ಲಿ ಮುಚ್ಚಿಕೊಂಡಿರುವ ಒಂದು ಉಂಗುರ ಸಿ.ಬಿ.ಡಿ.ಯಲ್ಲಿ ಬಿಚ್ಚಿಕೊಂಡಿದೆ. ಇಷ್ಟೇ. ಒಂದೇ ಕಬ್ಬಿಣದಿಂದ ಮಾಡಿದ ಎರಡು ಕೀಲಿಕೈಗಳಲ್ಲಿ ಒಂದರ ಹಲ್ಲು ಬೇರೆಯಾದರೆ ಅದು ಆ ಬೀಗಕ್ಕೆ ಹೊಂದುವುದಿಲ್ಲ, ಹಾಗೆ.

ಪೊಲೀಸರ ಗಾಂಜಾ, ಪ್ರೊಫೆಸರರ ಚೀಲ

ಈ ಭೇದ ತಿಳಿಯಲು ಜಗತ್ತಿಗೆ ನೂರಿಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು ಎಂದರೆ ಇಂದಿನವರಿಗೆ ಆಶ್ಚರ್ಯವಾಗಬಹುದು. ಆರಂಭ ನಮ್ಮ ದೇಶದಲ್ಲಿಯೇ. ಕಲ್ಕತ್ತಾ ಮೆಡಿಕಲ್ ಕಾಲೇಜಿನ ವೈದ್ಯ ವಿಲಿಯಂ ಓಶಾನೆಸ್ಸಿ 1839ರಲ್ಲಿ ಗಾಂಜಾದ ಸತ್ವವನ್ನು ಮದ್ಯಸಾರದಲ್ಲಿ ಇಳಿಸಿ ರೋಗಿಗಳಿಗೆ ಕೊಟ್ಟು ನೋಡಿದ ವಿವರಗಳನ್ನು ಪ್ರಕಟಿಸಿದ. ಭಾರತದಲ್ಲಿ ತಂತಿ ವ್ಯವಸ್ಥೆಯನ್ನು ಕಟ್ಟಿದವನೂ ಇದೇ ಮನುಷ್ಯ. ಅವನ ರೋಗಿಗಳಲ್ಲಿ ಸೆಳೆತದಿಂದ ನರಳುತ್ತಿದ್ದ ನಲವತ್ತು ದಿನದ ಒಂದು ಹೆಣ್ಣು ಶಿಶುವೂ ಇತ್ತು. ಮದ್ದು ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತೆಂದು ಬರೆದಿದ್ದಾನೆ. ಆದರೆ ಆ ಸೀಸೆಯಲ್ಲಿ ಏನೇನು ಇತ್ತು, ಮಗುವನ್ನು ಉಳಿಸಿದ್ದು ಯಾವುದು ಎಂದು ಅವನಿಗೂ ಗೊತ್ತಿರಲಿಲ್ಲ.

ಮುಂದೆ ಗಾಂಜಾ ಸೇದಿ ಜನ ಹುಚ್ಚರಾಗುತ್ತಿದ್ದಾರೆಂಬ ದೂರು ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಗಿ, 1893ರಲ್ಲಿ ಒಂದು ಆಯೋಗ ನೇಮಕವಾಯಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. ಇಂದಿನ ಸಾಂಗ್ಲಿ ಜಿಲ್ಲೆ ಆಗ ಸಾತಾರಾ ಜಿಲ್ಲೆಯಲ್ಲಿಯೂ ಪಟವರ್ಧನರ ಸಾಂಗ್ಲಿ, ಮಿರಜ ಮೊದಲಾದ ಸಂಸ್ಥಾನಗಳಲ್ಲಿಯೂ ಹಂಚಿಹೋಗಿತ್ತು. ಬೊಂಬಾಯಿ ಪ್ರಾಂತ್ಯದ ಅಹಮದನಗರದ ಕಡೆ ಗಾಂಜಾ ಬೇಸಾಯ ನಡೆಯುತ್ತಿದ್ದ ಕಾಲವದು. ದೇಶದುದ್ದಕ್ಕೂ ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ವಿಚಾರಿಸಿ, 1894ರಲ್ಲಿ ಆಯೋಗ ವರದಿ ಕೊಟ್ಟಿತು: ಮಿತವಾಗಿ ಬಳಸಿದರೆ ಹೆಚ್ಚಿನ ಕೇಡಿಲ್ಲ, ಅತಿಯಾದರೆ ಕೇಡುಂಟು. ಊಟಿಯಲ್ಲಿದ್ದ ಸರಕಾರಿ ರಸಾಯನ ತಜ್ಞ ಡೇವಿಡ್ ಹೂಪರ್ ಮಾದರಿಗಳನ್ನು ಪರೀಕ್ಷಿಸಿದ್ದ. ಆದರೆ ಅಂದಿನ ವಿದ್ಯೆಯಿಂದ ಅಳೆಯಬಹುದಾಗಿದ್ದದ್ದು ರಾಳವೆಷ್ಟಿದೆ ಎಂಬುದನ್ನು ಮಾತ್ರ. 'ಮಿತ' ಎಂದರೆ ಯಾವುದರ ಮಿತ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

1896ರಲ್ಲಿ ಕೇಂಬ್ರಿಜ್‌ನಲ್ಲಿ ನಮ್ಮ ದೇಶದ ಚರಸದಿಂದಲೇ ಕ್ಯಾನಬಿನಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅಮಲಿನ ಮೂಲ ಇದೇ ಎಂದು ಬಹಳ ಕಾಲ ನಂಬಿದ್ದರು, ಅದು ಸರಿಯಾಗಿರಲಿಲ್ಲ. ಗಾಂಜಾ ಹಳೆಯದಾದಂತೆ, ಗಾಳಿ ಬೆಳಕು ತಗಲಿದಂತೆ ಟಿ.ಎಚ್.ಸಿ.ಯೇ ಶಿಥಿಲವಾಗಿ ಕ್ಯಾನಬಿನಾಲ್ ಆಗುತ್ತದೆ. ಅದರ ಅಮಲು ತೀರ ದುರ್ಬಲ. ಸಾಂಗ್ಲಿವಾಡಿಯ ಹಗೇವಿನ ಅರಿಶಿನದಂತೆ ಗಾಂಜಾ ವರ್ಷಗಟ್ಟಲೆ ಗುಣ ಹಿಡಿದಿಡುವ ವಸ್ತುವಲ್ಲ. ಹಳೆಯ ಗಾಂಜಾ ಒಳ್ಳೆಯ ನಿದ್ರೆ ತರಿಸುತ್ತದೆ ಎಂದು ಕ್ಯಾನಬಿನಾಲಿಗೆ ಕೀರ್ತಿ ಹಚ್ಚುವವರಿದ್ದಾರೆ. ಕೀರ್ತಿಗೆ ತಕ್ಕ ಪುರಾವೆ ಕಡಿಮೆ.

ಸಿ.ಬಿ.ಡಿ.ಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ 1940ರಲ್ಲಿ ಬೇರ್ಪಡಿಸಿದರು. ಅದರ ಸರಿಯಾದ ರಚನೆಯನ್ನು 1963ರಲ್ಲಿಯೂ, ಟಿ.ಎಚ್.ಸಿ.ಯ ರಚನೆಯನ್ನು 1964ರಲ್ಲಿಯೂ ಪ್ರಕಟಿಸಿದವರು ಇಸ್ರೇಲಿನ ರಫಾಯಲ್ ಮೆಕೋಲಂ ಮತ್ತು ಸಂಗಡಿಗರು. ಪೊಲೀಸರು ಹಿಡಿದಿಟ್ಟಿದ್ದ ಐದು ಕಿಲೋ ಲೆಬನಾನ್ ಚರಸವನ್ನು ಮೆಕೋಲಂ ಕೇಳಿ ಪಡೆದು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಪ್ರಯೋಗಶಾಲೆಗೆ ತಂದರಂತೆ. ಆರೋಗ್ಯ ಇಲಾಖೆಯ ಅನುಮತಿ ಬೇಕಿತ್ತೆಂದು ಆಮೇಲೆ ತಿಳಿದು, ಕೊಟ್ಟ ಪೊಲೀಸರೂ ಪಡೆದ ಪ್ರೊಫೆಸರರೂ ಕಾನೂನು ಮುರಿದಂತಾಗಿತ್ತು. ಅವರೇ ಹೇಳಿಕೊಂಡ ಕಥೆ ಇದು.

ಟಿ.ಎಚ್.ಸಿ. ಹೋಗಿ ಕೂರುವ ಬೀಗವೊಂದು ನಮ್ಮ ಮೆದುಳಿನಲ್ಲಿದೆ ಎಂದು 1988ರಲ್ಲಿ ತಿಳಿಯಿತು. ಗಾಂಜಾಕ್ಕಾಗಿ ದೇವರು ಮೆದುಳಿನಲ್ಲಿ ಬೀಗ ಇಟ್ಟಿರಲಾರನಷ್ಟೆ? ಹಾಗಾದರೆ ದೇಹವೇ ತಯಾರಿಸುವ ಕೀಲಿಕೈ ಇರಬೇಕೆಂದು ಹುಡುಕಿ, 1992ರಲ್ಲಿ ಹಂದಿಯ ಮೆದುಳಿನಿಂದ ಅದನ್ನು ತೆಗೆದರು. ಅದಕ್ಕೆ ಇಟ್ಟ ಹೆಸರು ಆನಂದಮೈಡ್, ಸಂಸ್ಕೃತದ 'ಆನಂದ'ದಿಂದ. ಹಸಿವು, ನೋವು, ನೆನಪು, ಭಯ ಇವುಗಳ ಹದ ಕಾಯುವ ಕೆಲಸದಲ್ಲಿ ಈ ವಸ್ತುವಿನ ಪಾತ್ರವಿದೆ.

ಅಮಲಿನ ದಾರಿ

ಟಿ.ಎಚ್.ಸಿ. ಮಾಡುವುದು ಈ ಬೀಗಕ್ಕೆ ಹೊರಗಿನಿಂದ ಕೈ ಹಾಕುವ ಕೆಲಸ. ಹೊತ್ತು ಹೋದದ್ದು ತಿಳಿಯುವುದಿಲ್ಲ, ಆಗತಾನೆ ಕೇಳಿದ ಮಾತು ನೆನಪಿರುವುದಿಲ್ಲ, ನಗು ತಡೆಯಲಾಗುವುದಿಲ್ಲ, ಹಸಿವು ಕೆರಳುತ್ತದೆ. ಕಣ್ಣು ಕೆಂಪಾಗಿ ಬಾಯಿ ಒಣಗುತ್ತದೆ, ಎದೆಬಡಿತ ಏರುತ್ತದೆ. ಪ್ರಮಾಣ ಮೀರಿದರೆ ಅದೇ ಸುಖ ಗಾಬರಿಯಾಗುತ್ತದೆ, ಯಾರೋ ಬೆನ್ನ ಹಿಂದೆ ಇದ್ದಾರೆಂಬ ಸಂಶಯವಾಗುತ್ತದೆ. ಇದೇ ಟಿ.ಎಚ್.ಸಿ.ಯನ್ನು ಕೃತಕವಾಗಿ ತಯಾರಿಸಿ, ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿಗೆ ಔಷಧವೆಂದು ಅಮೆರಿಕದಲ್ಲಿ 1985ರಲ್ಲಿ ಮಂಜೂರು ಮಾಡಿದರು. ಅದೇ ವರ್ಷ ನಮ್ಮಲ್ಲಿ ಗಾಂಜಾ ನಿಷೇಧದ ಕಾನೂನು ಬಂತು. ಹಾಗೆಂದು ಟಿ.ಎಚ್.ಸಿ. ಬರೇ ಖಳನಾಯಕ, ಸಿ.ಬಿ.ಡಿ. ಬರೇ ಸಾಧು ಎಂದು ವಿಭಾಗಿಸುವುದೂ ಸರಿಯಲ್ಲ.

ಸೇದಿದರೆ ನಿಮಿಷಗಳಲ್ಲಿ ಅಮಲು, ಕುಡಿದರೆ ಅಥವಾ ತಿಂದರೆ ಅರ್ಧ ತಾಸಿನಿಂದ ಎರಡು ತಾಸು ತಡ. ಹೊಟ್ಟೆಗೆ ಹೋದ ಟಿ.ಎಚ್.ಸಿ.ಯನ್ನು ಯಕೃತ್ತು ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ, ಅದೂ ಅಮಲು ತರುವ ವಸ್ತುವೇ. ಹೋಳಿ ಶಿವರಾತ್ರಿಗಳಲ್ಲಿ ಭಂಗಿ ಕುಡಿದವರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಈ ತಡದಿಂದಲೇ. ಒಂದು ಲೋಟ ಕುಡಿದು ಮುಕ್ಕಾಲು ಗಂಟೆ ಕಾದು, 'ಏನೂ ಆಗಲಿಲ್ಲವಲ್ಲ' ಎಂದು ಇನ್ನೊಂದು ಲೋಟ ಏರಿಸುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಹತ್ತುತ್ತವೆ.

ಅಫೀಮಿನಂತೆ ಗಾಂಜಾ ಉಸಿರು ಕಟ್ಟಿಸಿ ಕೊಲ್ಲುವುದು ಅಪರೂಪ, ಏಕೆಂದರೆ ಉಸಿರಾಟವನ್ನು ನಡೆಸುವ ಮೆದುಳಿನ ಭಾಗದಲ್ಲಿ ಈ ಬೀಗಗಳು ವಿರಳ. ಈ ಮಾತನ್ನೇ ಹಿಡಿದುಕೊಂಡು 'ಗಾಂಜಾ ಯಾರನ್ನೂ ಕೊಲ್ಲುವುದಿಲ್ಲ' ಎಂದು ಕಾಲೇಜು ಹುಡುಗರು ವಾದಿಸುತ್ತಾರೆ. ಬೈಕಿನ ಹ್ಯಾಂಡಲ್ ಹಿಡಿದವನಿಗೆ ಆ ವಾದ ಉಪಯೋಗಕ್ಕೆ ಬಾರದು. ಮನೋರೋಗದ ಮಾತಂತೂ ತಳ್ಳಿಹಾಕುವಂಥದ್ದಲ್ಲ. ಯುರೋಪು ಮತ್ತು ಬ್ರೆಜಿಲಿನ ಹನ್ನೊಂದು ಕಡೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟಿ.ಎಚ್.ಸಿ. ಶೇಕಡಾ 10 ಅಥವಾ ಹೆಚ್ಚಿರುವ ಗಾಂಜಾವನ್ನು ದಿನಾ ಬಳಸುವವರಲ್ಲಿ ಚಿತ್ತವಿಕಾರದ ಸಂಭವ ಎಂದೂ ಮುಟ್ಟದವರಿಗಿಂತ ಸುಮಾರು ಐದು ಪಟ್ಟು ಕಂಡಿತು. ಹದಿಹರೆಯದಲ್ಲಿ ಆರಂಭಿಸಿದವರಿಗೆ, ಮನೆತನದಲ್ಲಿ ಮನೋರೋಗ ಇದ್ದವರಿಗೆ ಅಪಾಯ ಹೆಚ್ಚು.

'ಅಜ್ಜನೂ ಸೇದುತ್ತಿದ್ದ, ಅವನಿಗೇನಾಯಿತು?' ಎಂಬ ಸಮರ್ಥನೆ ಕೇಳಿದ್ದೇವೆ. ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ಸಂಪ್ರದಾಯದ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಾಗಲೂ ಇದೇ ಚರ್ಚೆ ನಡೆಯಿತು. ತಿಂಥಣಿಯೂ ಕೃಷ್ಣೆಯ ದಂಡೆಯಲ್ಲೇ ಇದೆ, ಸಾಂಗ್ಲಿವಾಡಿಯ ಮುಂದೆ ಹಾದ ನೀರೇ ಅಲ್ಲಿಗೂ ಹೋಗುವುದು. ಶರಣರ, ಆರೂಢರ ಆಚರಣೆಯ ಔಚಿತ್ಯವನ್ನು ಇಲ್ಲಿ ಅಳೆಯಹೊರಟಿಲ್ಲ. ಆದರೆ ಅಜ್ಜನ ಚಿಲುಮೆಯ ಸೊಪ್ಪಿಗೂ ಇಂದು ಪೊಟ್ಟಣದಲ್ಲಿ ಕೈಬದಲಾಗುವ ಸರಕಿಗೂ ಸತ್ವ ಒಂದೇ ಎಂದು ಯಾರೂ ಜಾಮೀನು ಕೊಡಲಾರರು. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರಲ್ಲಿ ಟಿ.ಎಚ್.ಸಿ. ಸರಾಸರಿ ಶೇಕಡಾ 4 ಇದ್ದದ್ದು 2014ರ ಹೊತ್ತಿಗೆ 12ರಷ್ಟಾಗಿತ್ತು, ಸಿ.ಬಿ.ಡಿ. ಕುಸಿದಿತ್ತು. ತಳಿ ಬೆಳೆಸುವವರು ಅಮಲನ್ನು ಮಾತ್ರ ಆಯ್ದರೆ ಹೀಗಾಗುತ್ತದೆ.

ಸಿ.ಬಿ.ಡಿ. ಸೇರಿದ್ದರೆ ಟಿ.ಎಚ್.ಸಿ.ಯ ಕಾಟ ತಗ್ಗುತ್ತದೆ ಎಂಬ ನಂಬಿಕೆಯೂ ಇದೆ. 1982ರ ಬ್ರೆಜಿಲಿನ ಪ್ರಯೋಗದಲ್ಲಿ ಗಾಬರಿ ಕಡಿಮೆಯಾದದ್ದು ಕಂಡಿತ್ತು. 2022ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗದಲ್ಲಿ, ಟಿ.ಎಚ್.ಸಿ.ಯ ಮೂರು ಪಟ್ಟು ಸಿ.ಬಿ.ಡಿ. ಬೆರೆಸಿ ಕೊಟ್ಟರೂ ಅಂಥ ರಕ್ಷಣೆ ಕಾಣಲಿಲ್ಲ. ನಂಬಿ ಕೂರುವಂಥ ಮಾತಲ್ಲ.

ಮೂರ್ಛೆಯ ಮಕ್ಕಳು

ಈಗ ತಾಯಂದಿರ ಪ್ರಶ್ನೆಗೆ ಬರೋಣ. ಸಿ.ಬಿ.ಡಿ. ಟಿ.ಎಚ್.ಸಿ.ಯಂತೆ ಆ ಬೀಗವನ್ನು ತೆರೆಯುವುದಿಲ್ಲ, ಆದ್ದರಿಂದ ಅಮಲಿಲ್ಲ. ಅದು ನರಕೋಶಗಳ ಬೇರೆ ಕೆಲವು ದ್ವಾರಗಳ ಮೇಲೆ ಕೆಲಸ ಮಾಡಿ ಅವುಗಳ ಅತಿಯಾದ ಉದ್ರೇಕವನ್ನು ತಗ್ಗಿಸುತ್ತದೆಂದು ತಿಳಿದಿದೆ. ಬ್ರೆಜಿಲಿನಲ್ಲಿ 1980ರಲ್ಲಿಯೇ ಮೂರ್ಛೆರೋಗಿಗಳ ಸಣ್ಣ ಗುಂಪಿನಲ್ಲಿ ಇದನ್ನು ಪರೀಕ್ಷಿಸಿ ಗುಣ ಕಂಡಿದ್ದರು, ಯಾರೂ ಹೆಚ್ಚು ಗಮನ ಕೊಡಲಿಲ್ಲ.

2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದ್ದವರು ದ್ರಾವೆ ಸಿಂಡ್ರೋಮ್ ಎಂಬ ಕಠಿಣ ಜಾತಿಯ ಮೂರ್ಛೆಯ 120 ಮಂದಿ ಮಕ್ಕಳು ಮತ್ತು ತರುಣರು. ಶೈಶವದಲ್ಲೇ ಆರಂಭವಾಗುವ ಈ ರೋಗ ಸಾಮಾನ್ಯ ಮಾತ್ರೆಗಳಿಗೆ ಜಗ್ಗುವುದಿಲ್ಲ. ಶುದ್ಧ ಸಿ.ಬಿ.ಡಿ. ಪಡೆದವರಲ್ಲಿ ತಿಂಗಳ ಸೆಳೆತ 12.4ರಿಂದ 5.9ಕ್ಕೆ ಇಳಿಯಿತು, ಔಷಧವಿಲ್ಲದ ದ್ರಾವಣ ಪಡೆದವರಲ್ಲಿ 14.9ರಿಂದ 14.1ಕ್ಕೆ. ಇದು ಸಣ್ಣ ವಿಷಯವಲ್ಲ. ರಾತ್ರಿಯೆಲ್ಲ ಮಗುವಿನ ಪಕ್ಕದಲ್ಲಿ ಎಚ್ಚರವಿರುವ ಮನೆಗೆ ಅರ್ಧಕ್ಕೆ ಇಳಿಯುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. 2018ರಲ್ಲಿ ಅಮೆರಿಕ ಇದನ್ನು ದ್ರಾವೆ ಮತ್ತು ಲೆನಕ್ಸ್-ಗ್ಯಾಸ್ಟೋ ಎಂಬ ಎರಡು ಬಗೆಯ ಮೂರ್ಛೆಗೆ ಔಷಧವೆಂದು ಮಂಜೂರು ಮಾಡಿತು.

ಆದರೆ ಮೂರು ಸಂಗತಿಗಳು ಬಾಯಿಂದ ಬಾಯಿಗೆ ಹೋಗುವಾಗ ಬಿಟ್ಟುಹೋಗುತ್ತವೆ. ಆ ಮಕ್ಕಳು ಹಳೆಯ ಮಾತ್ರೆಗಳನ್ನು ನಿಲ್ಲಿಸಿರಲಿಲ್ಲ, ಅವುಗಳ ಜೊತೆಗೆ ಇದನ್ನು ಸೇರಿಸಿ ಕೊಟ್ಟಿದ್ದರು. ಮೂರ್ಛೆಯ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ನಿಲ್ಲದ ಸೆಳೆತ ಹತ್ತಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡನೆಯದಾಗಿ, ಅಮಲಿಲ್ಲವೆಂದರೆ ಅಡ್ಡಪರಿಣಾಮವಿಲ್ಲವೆಂದಲ್ಲ: ತೂಕಡಿಕೆ, ಭೇದಿ, ಊಟ ಸೇರದಿರುವುದು ಕಂಡುಬಂದಿವೆ. ಮೂರ್ಛೆಗೆ ವಾಡಿಕೆಯಾಗಿ ಕೊಡುವ ವ್ಯಾಲ್ಪ್ರೊಯೇಟ್ ಜೊತೆ ಸೇರಿದಾಗ ಯಕೃತ್ತಿಗೆ ತೊಂದರೆಯಾಗುವ ಸಂಭವ ಹೆಚ್ಚು, ಕ್ಲೋಬಜಾಮ್ ಜೊತೆ ಸೇರಿದರೆ ತೂಕಡಿಕೆ ಹೆಚ್ಚು. ಆದ್ದರಿಂದ ರಕ್ತಪರೀಕ್ಷೆ ಇಲ್ಲದೆ ಕೊಡುವ ಮದ್ದು ಇದಲ್ಲ.

ಮೂರನೆಯದು ಲೆಕ್ಕ. ಪರೀಕ್ಷೆಯಲ್ಲಿ ಕೊಟ್ಟದ್ದು ದಿನಕ್ಕೆ ಮಗುವಿನ ತೂಕದ ಕಿಲೋಗೆ 20 ಮಿಲಿಗ್ರಾಂ. ಹತ್ತು ಕಿಲೋ ತೂಕದ ಮಗುವಿಗೆ ದಿನಕ್ಕೆ 200 ಮಿಲಿಗ್ರಾಂ ಆಯಿತು. ಒಂದು ಎಣ್ಣೆ ಸೀಸೆಯ ಮೇಲೆ ಒಟ್ಟು 300 ಮಿಲಿಗ್ರಾಂ ಎಂದು ಬರೆದಿದ್ದರೆ ಅದು ಒಂದೂವರೆ ದಿನಕ್ಕೆ ಮುಗಿಯಿತು. ದಿನಕ್ಕೆ ನಾಲ್ಕು ಹನಿ ನಾಲಿಗೆಗೆ ಬಿಟ್ಟು ಅದೇ ಫಲ ಬರುತ್ತದೆಂದು ಕಾದರೆ ಹಣವೂ ಹೋಯಿತು, ಹೊತ್ತೂ ಹೋಯಿತು. ಬರೆದದ್ದು ಒಳಗಿದೆಯೆ ಎಂಬುದೂ ಖಾತ್ರಿಯಿಲ್ಲ. ಅಮೆರಿಕದಲ್ಲಿ ಮಾರಾಟಕ್ಕಿದ್ದ 84 ಸಿ.ಬಿ.ಡಿ. ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದಾಗ, ಲೇಬಲಿಗೂ ಒಳಗಿನ ಅಂಶಕ್ಕೂ ತಾಳೆಯಾದದ್ದು ಸುಮಾರು ಮೂರನೆಯ ಒಂದು ಪಾಲು. 18ರಲ್ಲಿ ಟಿ.ಎಚ್.ಸಿ.ಯೂ ಇತ್ತು. ಮಗುವಿಗೆ ಕೊಡುವ ಎಣ್ಣೆಯಲ್ಲಿ ಅದು ಇರಬಾರದು.

ಕಾನೂನಿನ ಕಣ್ಣು

1985ರ ಮಾದಕದ್ರವ್ಯ ಕಾಯಿದೆ ಓದಿದರೆ ಒಂದು ವಿಚಿತ್ರ ಗೋಚರವಾಗುತ್ತದೆ. ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳ ಜೊತೆಗಿರದ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಕಾಯಿದೆ ನೋಡುವುದು ಗಿಡದ ಅಂಗವನ್ನು, ಅದರಲ್ಲಿ ಟಿ.ಎಚ್.ಸಿ. ಶೇಕಡಾ ಎಷ್ಟು ಎಂಬುದನ್ನಲ್ಲ. ಗಾಂಜಾದಲ್ಲಿ 1 ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋಗೆ ಮೇಲ್ಪಟ್ಟರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ ಹತ್ತು ವರ್ಷ ಸಜೆ. ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಸಜೆಯಾಗಬಹುದು. ನನ್ನ ಹೊಲದ್ದು ಸಿ.ಬಿ.ಡಿ. ಜಾತಿಯ ಗಿಡ ಎಂದು ಜತ್ತದ ರೈತ ಹೇಳಿದರೂ ಕೇಳುವ ಏರ್ಪಾಡಿಲ್ಲ. ಉತ್ತರಾಖಂಡದಲ್ಲಿ ಮಾತ್ರ 2018ರಿಂದ ಟಿ.ಎಚ್.ಸಿ. ಶೇಕಡಾ 0.3ಕ್ಕಿಂತ ಕಡಿಮೆಯಿರುವ ನಾರಿನ ಭಂಗಿಗೆ ಲೈಸೆನ್ಸು ಕೊಡತೊಡಗಿದರು. ಅರಿಶಿನ ಪೇಟೆಯ ಪ್ರಶ್ನೆಯನ್ನು ಈ ಗಿಡಕ್ಕೂ ಕೇಳಿದ ಅಪರೂಪದ ಉದಾಹರಣೆ ಅದು.

ಎಲೆ ಗಾಂಜಾದ ವ್ಯಾಖ್ಯೆಗೆ ಸೇರದಿರುವುದರಿಂದಲೇ 'ವಿಜಯಾ' ಎಂಬ ಹೆಸರಿನಲ್ಲಿ ಅದು ಆಯುರ್ವೇದದ ಔಷಧಗಳಲ್ಲಿ ಬಳಕೆಯಾಗುತ್ತಿದೆ. ಸರಕಾರದ ನಿಯಮಗಳಲ್ಲಿ ಅದು ವಿಷದ್ರವ್ಯಗಳ ಪಟ್ಟಿಯಲ್ಲಿದೆ. ವೈದ್ಯರ ನಿಗಾ ಬೇಕೇ ಬೇಕು. ಎಲೆಯ ಸತ್ವದಲ್ಲಿ ಟಿ.ಎಚ್.ಸಿ.ಯೂ ಇರಬಹುದಾದ್ದರಿಂದ ಅದನ್ನು ಬರೆದುಕೊಡುವ ವೈದ್ಯರನ್ನು, ಇದರಲ್ಲಿ ಎರಡೂ ಎಷ್ಟೆಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಬೀಜದ ಕಥೆ ಬೇರೆ. 2021ರಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ಭಂಗಿಯ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿತು. ಪಹಾಡಿ ಜನ ಈ ಬೀಜವನ್ನು ಹುರಿದು ಚಟ್ನಿ ಅರೆಯುತ್ತಾರೆ. ಬೀಜದೊಳಗೆ ಟಿ.ಎಚ್.ಸಿ.ಯೂ ಇಲ್ಲ, ಸಿ.ಬಿ.ಡಿ.ಯೂ ಇಲ್ಲ, ಸಿಪ್ಪೆಗೆ ಹತ್ತಿದ ರಾಳದ ಅಲ್ಪಸ್ವಲ್ಪ ಅಂಶ ಬಿಟ್ಟರೆ ಉಳಿದದ್ದು ಎಳ್ಳೆಣ್ಣೆ ಶೇಂಗಾ ಎಣ್ಣೆಗಳಂತೆ ಒಂದು ಅಡಿಗೆ ಎಣ್ಣೆ. ಅಂಗಡಿಯಲ್ಲಿ ಸೀಸೆಯ ಮೇಲೆ ಅದೇ ಐದು ಬೆರಳಿನ ಎಲೆಯ ಚಿತ್ರವಿರುತ್ತದೆ. ಬೀಜದ ಎಣ್ಣೆಯೋ, ಎಲೆಯ ಸತ್ವವೋ, ಶುದ್ಧ ಸಿ.ಬಿ.ಡಿ.ಯೋ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಮಗುವಿಗಾಗಿ ಯಾರಾದರೂ ಇಂಥ ಸೀಸೆ ತಂದುಕೊಟ್ಟಿದ್ದರೆ, ಒಂದು ಹನಿ ಹಾಕುವ ಮೊದಲು ಅದನ್ನೂ ಈಗ ಕೊಡುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ನರರೋಗ ವೈದ್ಯರಿಗೆ ತೋರಿಸಬೇಕು, ಮಂಗಳೂರಾದರೂ ಸರಿ, ಮಿರಜವಾದರೂ ಸರಿ.